ಕೆರೆ ತುಂಬಿದರಷ್ಟೇ ಸಾಲದು

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ಮತ್ತೆ ನೀರು ಕಂಡಿರುವುದು ಸಮಾಧಾನದ ಸಂಗತಿ. ಆದರೆ ನೀರು ಒಂದೇ, ಯಜಮಾನರು ಹಲವರು. ಶುದ್ಧೀಕರಿಸುವುದು ಜಲಮಂಡಳಿ, ಹರಿಸುವುದು ಸಣ್ಣ ನೀರಾವರಿ ಇಲಾಖೆ, ಅಂತರ್ಜಲ ಮಟ್ಟ ಅಳೆಯುವುದು ಅಂತರ್ಜಲ ನಿರ್ದೇಶನಾಲಯ, ಊರಿಗೆ ಕುಡಿಯುವ ನೀರು ಕೊಡಬೇಕಾದದ್ದು ಗ್ರಾಮ ಪಂಚಾಯಿತಿ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂಬುದು ಅಲ್ಲಿನ ರೈತರ ಬಹುಕಾಲದ ಬೇಡಿಕೆ. ಇದಕ್ಕೆ ಉತ್ತರಿಸಲು ನಾಲ್ವರನ್ನೂ ಒಳಗೊಂಡ ಜಂಟಿ ಸಮಿತಿಯನ್ನು ಸರ್ಕಾರ ರಚಿಸಬೇಕು. ನೀರಿನ ಪರೀಕ್ಷಾ ವರದಿ ಪ್ರತಿ ತಿಂಗಳು ಪಂಚಾಯಿತಿ ಕಚೇರಿಯಲ್ಲೇ ಸಿಗಬೇಕು. ಮೇಲೇರಿದ ಅಂತರ್ಜಲವನ್ನು ಹೊಸ ಕೊಳವೆಬಾವಿಗಳು ಮತ್ತೆ ಬರಿದಾಗಿಸದಂತೆ 2011ರ ಅಂತರ್ಜಲ ಕಾಯ್ದೆ ಬಿಗಿಯಾಗಿ ಜಾರಿಯಾಗಲಿ.