ಬೀಗದೊಳಗಿನ ಪುಸ್ತಕ ಮತ್ತು ಬೇಸಿಗೆ ರಜೆ

ಬೇಸಿಗೆ ರಜೆ ಬಂತೆಂದರೆ ಶಿಬಿರಗಳ ಕರಪತ್ರಗಳೂ ಬಂದವೆಂದೇ ಅರ್ಥ. ಈಜು, ಕರಾಟೆ, ಚಿತ್ರಕಲೆ, ಅಬಾಕಸ್, ವ್ಯಕ್ತಿತ್ವ ವಿಕಸನ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಶುಲ್ಕ ತೆರಬಲ್ಲ ಹೆತ್ತವರ ಮಕ್ಕಳಿಗೆ ರಜೆಯೂ ಒಂದು ಬಗೆಯ ಶಾಲೆಯೇ. ತೆರಲಾಗದವರ ಮಕ್ಕಳ ಪಾಡೇನು? ಕರ್ನಾಟಕದಲ್ಲಿ 2024 ಮತ್ತು 2025ರಲ್ಲಿ ಎಪ್ರಿಲ್ 11ರಿಂದ ಮೇ 28ರ ವರೆಗೆ, ಅಂದರೆ ಸುಮಾರು ಏಳು ವಾರ ಶಾಲೆಗಳಿಗೆ ರಜೆಯಿತ್ತು. ಈ ಏಳು ವಾರಗಳಲ್ಲಿ ಒಂದೇ ಒಂದು ಹೊಸ ಪುಸ್ತಕವನ್ನು ಮುಟ್ಟದ ಮಕ್ಕಳು ನಮ್ಮ ಪಟ್ಟಣಗಳಲ್ಲಿ ಎಷ್ಟಿರಬಹುದೆಂದು ತಿಳಿಯಲು ಸಮೀಕ್ಷೆಯ ಅಗತ್ಯವಿಲ್ಲ. ನಮ್ಮ ನಮ್ಮ ಬೀದಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು.

ಹಾಗೆಂದು ಸರಕಾರ ಏನೂ ಮಾಡಿಲ್ಲ ಎಂದರೆ ಅದು ಅನ್ಯಾಯವಾದೀತು. ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಒಪ್ಪಿಸಲಾಯಿತು. 2020ರ ನವೆಂಬರ್ 14ರಂದು, ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ, 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭವಾಯಿತು. ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿ ಅವರನ್ನು ಗ್ರಂಥಾಲಯಕ್ಕೆ ಕರೆತರುವುದು ಅದರ ಉದ್ದೇಶವಾಗಿತ್ತು. 5,600ಕ್ಕೂ ಹೆಚ್ಚು ಗ್ರಂಥಾಲಯಗಳ ಈ ಜಾಲದಲ್ಲಿ ಲಕ್ಷಾಂತರ ಮಕ್ಕಳು ಹೆಸರು ನೋಂದಾಯಿಸಿಕೊಂಡರು. ಹಳೆಯ ದಿನಪತ್ರಿಕೆಗಳ ಧೂಳು ತಿನ್ನುತ್ತಿದ್ದ ಕೊಠಡಿಗಳಿಗೆ ಬಣ್ಣ ಬಂತು, ಗೋಡೆಗಳ ಮೇಲೆ ಚಿತ್ರಗಳು ಮೂಡಿದವು, ಹಲವೆಡೆ ಬೇಸಿಗೆ ಶಿಬಿರಗಳೂ ನಡೆದವು. ಇತ್ತೀಚಿನ ದಿನಗಳಲ್ಲಿ ಸರಕಾರಿ ಇಲಾಖೆಯೊಂದು ಸದ್ದಿಲ್ಲದೆ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಇದು ಪಂಚಾಯತ್ ಗಡಿಯೊಳಗಿನ ಮಾತು. ಪುರಸಭೆ ಮತ್ತು ಪಟ್ಟಣ ಪಂಚಾಯತ್‌ಗಳ ಶಾಖಾ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯವು. ಇಲಾಖೆ ಬೇರೆ, ನಿಯಮ ಬೇರೆ, ಕಡತವೂ ಬೇರೆ. ಮಹಾನಗರದಲ್ಲಿ ಮಕ್ಕಳಿಗೆಂದೇ ಬೇರೆ ಗ್ರಂಥಾಲಯವಿದೆ, ಮೈಸೂರಿನ ರಂಗಾಯಣದಲ್ಲಿ ಚಿಣ್ಣರ ಮೇಳ ನಡೆಯುತ್ತದೆ. ಹಳ್ಳಿಗೆ 'ಓದುವ ಬೆಳಕು' ಬಂತು. ನಡುವಿನ ಸಣ್ಣ ಪಟ್ಟಣಗಳ ಮಕ್ಕಳ ಪಾಲಿಗೆ ಉಳಿದಿರುವುದು ಬಸ್ ನಿಲ್ದಾಣದ ಹಿಂದೆಯೋ ಸಂತೆಕಟ್ಟೆಯ ಪಕ್ಕದಲ್ಲೋ ಇರುವ, ಹಿರಿಯರು ಪತ್ರಿಕೆ ಓದುವ ಒಂದು ಕೊಠಡಿ.

ಅಂಥದೊಂದು ಕೊಠಡಿಯಲ್ಲಿ ಬೇಸಿಗೆಯೊಂದರಲ್ಲಿ ನಡೆದ ಮಕ್ಕಳ ಕಾರ್ಯಕ್ರಮಕ್ಕೆ ನಾವು ಹೋಗಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ಕಂಡದ್ದು ಆ ಒಂದು ಊರಿನ ದೋಷವೂ ಅಲ್ಲ. ಒಂದು ವಾರದ ಶಿಬಿರ. ಬ್ಯಾನರ್ ಇತ್ತು, ಗಣ್ಯರಿದ್ದರು, ಗಣ್ಯರ ಮಾತು ಮಕ್ಕಳ ಸಹನೆಗಿಂತ ಉದ್ದವಿತ್ತು. ಅದನ್ನು ಬಿಟ್ಟರೆ ಶಿಬಿರ ಚೆನ್ನಾಗಿಯೇ ನಡೆಯಿತೆನ್ನಬೇಕು. ನಿವೃತ್ತ ಶಿಕ್ಷಕಿಯೊಬ್ಬರು ಕಥೆ ಹೇಳಿದರು. ಕಾಗದದ ಹಕ್ಕಿಗಳನ್ನು ಮಡಚುವುದನ್ನು ಕಲಿಸಲಾಯಿತು. ಚೆಸ್ ಮತ್ತು ಕೇರಮ್ ಬೋರ್ಡುಗಳ ಸುತ್ತ ಜಗಳವೂ ನಡೆಯಿತು, ಸಂಧಾನವೂ ಆಯಿತು. ಕೊನೆಯ ದಿನ ಪ್ರಮಾಣಪತ್ರ ಮತ್ತು ಲಾಡು.

ಸಭೆ ಮುಗಿದ ಮೇಲೆ ಹತ್ತು ಹನ್ನೊಂದರ ವಯಸ್ಸಿನ ಒಬ್ಬ ಹುಡುಗ ಗಾಜಿನ ಕಪಾಟಿನ ಮುಂದೆ ನಿಂತಿದ್ದ. ಶಿಬಿರಕ್ಕೆಂದು ಹೊರತೆಗೆದಿದ್ದ ಪುಸ್ತಕಗಳು ಮತ್ತೆ ಒಳಗೆ ಸೇರಿ ಬೀಗ ಬಿದ್ದಾಗಿತ್ತು. ಹಡಗುಗಳ ಕುರಿತ ಒಂದು ಚಿತ್ರಪುಸ್ತಕವನ್ನು ಅವನು ಅರ್ಧ ಓದಿದ್ದನಂತೆ. "ಮೇಡಂ, ಅದನ್ನು ಮನೆಗೆ ಕೊಂಡುಹೋಗಲಾ? ನಾಳೆ ತಂದುಕೊಡ್ತೇನೆ" ಎಂದು ಕೇಳಿದ. ಗ್ರಂಥಾಲಯದ ಹೊಣೆ ಹೊತ್ತಿದ್ದ ಆ ತಾಯಿ ಅವನ ತಲೆ ಸವರಿ, "ಇಲ್ಲಿಯೇ ಬಂದು ಓದು ಮಗಾ, ಮನೆಗೆ ಕೊಡ್ಲಿಕ್ಕಾಗುವುದಿಲ್ಲ" ಎಂದರು. ಅವನು ಹೋದ ಮೇಲೆ, ನಾವು ಕೇಳದಿದ್ದರೂ ಅವರೇ ಹೇಳಿದರು: "ಕೊಡಬಾರದು ಅಂತಲ್ಲ ಸರ್. ಕಳೆದುಹೋದರೆ ಲೆಕ್ಕ ಹೇಳಬೇಕಾದವಳು ನಾನು. ನನ್ನ ಸಂಬಳ ಎಷ್ಟೆಂದು ನಿಮಗೆ ಗೊತ್ತುಂಟಲ್ಲ."

ನಾವು ಅವರನ್ನು ದೂರುವುದಿಲ್ಲ, ದೂರಲೂ ಬಾರದು. ಸಣ್ಣ ಗ್ರಂಥಾಲಯಗಳನ್ನು ನಡೆಸುವವರಲ್ಲಿ ಹಲವರು ಅತ್ಯಲ್ಪ ವೇತನಕ್ಕೆ ದುಡಿಯುವವರು. ವರ್ಷಾಂತ್ಯದಲ್ಲಿ ದಾಸ್ತಾನು ಪುಸ್ತಕ ಹಿಡಿದು ಬರುವ ಅಧಿಕಾರಿಯು ಎಷ್ಟು ಮಕ್ಕಳು ಎಷ್ಟು ಪುಸ್ತಕ ಓದಿದರೆಂದು ಕೇಳುವುದಿಲ್ಲ. ಎಷ್ಟು ಪುಸ್ತಕ ಕಡಿಮೆಯಿದೆ ಎಂದು ಕೇಳುತ್ತಾರೆ. ಹೀಗಿರುವಾಗ ಬೀಗ ಹಾಕಿದವರು ಪ್ರಾಮಾಣಿಕರು, ಎರವಲು ಕೊಟ್ಟವರು ಬೇಜವಾಬ್ದಾರಿಗಳು ಎಂಬಂತಾಗುತ್ತದೆ. ಒಂದೇ ಒಂದು ಪುಟ ಹರಿಯದೆ, ಒಂದೇ ಒಂದು ಮಗುವಿನ ಬೆರಳು ತಾಗದೆ ಇಪ್ಪತ್ತು ವರ್ಷ ಸುರಕ್ಷಿತವಾಗಿದ್ದು ಕೊನೆಗೆ ಗೆದ್ದಲಿಗೆ ಆಹಾರವಾದ ಪುಸ್ತಕದ ಬಗ್ಗೆ ಯಾರ ಮೇಲೂ ವಿಚಾರಣೆ ನಡೆಯುವುದಿಲ್ಲ.

ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಮಂಡಿಸಿದರು. ಪುಸ್ತಕಗಳು ಇರುವುದು ಬಳಕೆಗೆ ಎಂಬುದು ಅವುಗಳಲ್ಲಿ ಮೊದಲನೆಯದು. ಒಂದು ಕಾಲದಲ್ಲಿ ಯುರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯಲಾಗುತ್ತಿತ್ತು. ಆ ಸರಪಳಿ ಕಳಚಿದ ಕಥೆಯನ್ನೇ ರಂಗನಾಥನ್ ತಮ್ಮ ಮೊದಲ ಸೂತ್ರದ ವಿವರಣೆಗೆ ಬಳಸಿಕೊಂಡರು. ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು 1962ರಲ್ಲಿ ಅವರು ಆರಂಭಿಸಿದ್ದು ಅಲ್ಲಿಯೇ, 1972ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಅವರು ಬಾಳಿದ ನಾಡಿನ ಸಣ್ಣ ಪಟ್ಟಣಗಳಲ್ಲಿ ಸರಪಳಿಯ ಜಾಗಕ್ಕೆ ಗಾಜಿನ ಬಾಗಿಲು ಬಂದಿದೆ ಎಂಬುದಷ್ಟೇ ವ್ಯತ್ಯಾಸ.

ಮಗು ಗ್ರಂಥಾಲಯದಲ್ಲಿಯೇ ಕುಳಿತು ಓದಲಿ, ಮನೆಗೇಕೆ ಒಯ್ಯಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ತುಸು ದೂರ ಹೋಗಬೇಕಾಗುತ್ತದೆ. ಏಕೆಂದರೆ ರಜೆಯಲ್ಲಿ ಮಕ್ಕಳ ಓದು ಏನಾಗುತ್ತದೆ ಎಂಬುದನ್ನು ಹೆಚ್ಚಾಗಿ ಅಳೆದು ನೋಡಿದ್ದು ಅಮೆರಿಕದಲ್ಲಿ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಬೇಸಿಗೆ ಓದಿನ ಕಾರ್ಯಕ್ರಮಗಳನ್ನು ನಡೆಸಿಕೊಂಡು ಬಂದಿವೆ. ಅಟ್ಲಾಂಟಾ ನಗರದ ಶಾಲಾಮಕ್ಕಳನ್ನು ಅಧ್ಯಯನ ಮಾಡಿದ ಬಾರ್ಬರಾ ಹೇನ್ಸ್ 1978ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದರು. ರಜೆಯಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಪುಸ್ತಕ ಓದಿದ ಮಕ್ಕಳು ಓದದವರಿಗಿಂತ ಮುಂದಿದ್ದರೆಂದೂ, ಬೇಸಿಗೆಯಲ್ಲಿ ಮಕ್ಕಳಿಗೆ ಸಾರ್ವಜನಿಕ ಗ್ರಂಥಾಲಯದಷ್ಟು ನೆರವಾದ ಸಂಸ್ಥೆ ಇನ್ನೊಂದಿಲ್ಲವೆಂದೂ ಅವರು ಕಂಡುಕೊಂಡರು. ಬಾಲ್ಟಿಮೋರ್‌ನಲ್ಲಿ 1982ರಿಂದ ವರ್ಷಗಟ್ಟಲೆ ಮಕ್ಕಳ ಬೆನ್ನು ಹತ್ತಿದ ಕಾರ್ಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರದ್ದು ಇನ್ನೂ ಕಟುವಾದ ಮಾತು. ಶಾಲೆ ತೆರೆದಿರುವಾಗ ಬಡವರ ಮಕ್ಕಳೂ ಅನುಕೂಲಸ್ಥರ ಮಕ್ಕಳೂ ಹೆಚ್ಚುಕಡಿಮೆ ಸಮನಾಗಿಯೇ ಕಲಿಯುತ್ತಾರೆ, ಅಂತರ ಬೆಳೆಯುವುದು ಶಾಲೆ ಮುಚ್ಚಿರುವ ತಿಂಗಳುಗಳಲ್ಲಿ ಎಂದರು ಅವರು. ಇತ್ತೀಚೆಗೆ ಕೆಲವು ಸಂಶೋಧಕರು ಈ ಲೆಕ್ಕಾಚಾರವನ್ನು ಪ್ರಶ್ನಿಸಿದ್ದಾರೆ, ಅಂತರ ಅಷ್ಟು ದೊಡ್ಡದಲ್ಲ ಎಂದಿದ್ದಾರೆ. ಅದನ್ನೂ ಮರೆಮಾಚಬೇಕಾಗಿಲ್ಲ.

ನಮ್ಮ ಪ್ರಶ್ನೆಗೆ ನೇರ ಉತ್ತರ ದೊರೆಯುವುದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ. ರಿಚರ್ಡ್ ಆಲಿಂಗ್ಟನ್ ಮತ್ತು ಆ್ಯನ್ ಮೆಕ್‌ಗಿಲ್-ಫ್ರಾನ್ಝೆನ್ ಎಂಬಿಬ್ಬರು ಫ್ಲೋರಿಡಾದ ಬಡ ಮಕ್ಕಳಿಗೆ ಮೂರು ಬೇಸಿಗೆಗಳಲ್ಲಿ ತಲಾ 12 ಪುಸ್ತಕಗಳನ್ನು ಕೊಡುವ ವ್ಯವಸ್ಥೆ ಮಾಡಿದರು. ಪುಸ್ತಕಗಳನ್ನು ಆರಿಸಿದ್ದು ಮಕ್ಕಳೇ. ಮೂರು ವರ್ಷಗಳ ಬಳಿಕ ಆ ಮಕ್ಕಳ ಓದು, ಪುಸ್ತಕ ಸಿಗದ ಮಕ್ಕಳಿಗಿಂತ ಸುಧಾರಿಸಿತ್ತು. ಶಿಬಿರ, ಪಾಠ, ಪ್ರಮಾಣಪತ್ರಗಳ ಗೊಡವೆಯಿಲ್ಲ. ಮಗು ತಾನೇ ಆರಿಸಿಕೊಂಡ ಪುಸ್ತಕ ಮನೆಗೆ ಬಂತು, ಅಷ್ಟೆ.

ನಮ್ಮಲ್ಲಿ ಈ ಮಾತಿಗೆ ಇನ್ನೊಂದು ಮಗ್ಗುಲಿದೆ. ಕರಾವಳಿಯ ಪಟ್ಟಣವೊಂದರ ಮಕ್ಕಳು ಮನೆಯಲ್ಲಿ ಬ್ಯಾರಿ ಆಡುತ್ತಾರೆ, ತುಳು ಆಡುತ್ತಾರೆ, ಕೊಂಕಣಿಯನ್ನೋ ಉರ್ದುವನ್ನೋ ಆಡುತ್ತಾರೆ. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಕನ್ನಡ ಶಾಲೆಯ ಭಾಷೆ. ಶಾಲೆ ಮುಚ್ಚಿದೊಡನೆ ಆ ಭಾಷೆಯ ಬಾಗಿಲೂ ಅರ್ಧ ಮುಚ್ಚಿದಂತೆ. ಜೂನ್‌ನಲ್ಲಿ ಮರಳಿ ಬಂದ ಮಗು ತಡವರಿಸುವುದನ್ನು ಕಂಡು "ರಜೆಯಲ್ಲಿ ಎಲ್ಲ ಮರೆತು ಬಂದಿದ್ದೀರಿ" ಎಂದು ಗದರುವ ಶಿಕ್ಷಕರು ಎಲ್ಲೆಡೆಯೂ ಇದ್ದಾರೆ. ಆ ಮಗುವಿಗೆ ಏಳು ವಾರ ಕನ್ನಡದ ಒಂದು ಕಥೆಪುಸ್ತಕ ಎಟಕುವಂತೆ ನೋಡಿಕೊಂಡವರು ಯಾರು?

ಹೆಣ್ಣುಮಕ್ಕಳ ಮಾತು ಬೇರೆಯೇ ಇದೆ. ಗಂಡಸರೇ ತುಂಬಿದ ಪತ್ರಿಕಾ ಕೊಠಡಿಯ ಮೂಲೆಯಲ್ಲಿ ಗಂಟೆಗಟ್ಟಲೆ ಕುಳಿತು ಓದಲು ಹನ್ನೆರಡರ ಹುಡುಗಿಯನ್ನು ಕಳುಹಿಸಲು ನಮ್ಮ ಮನೆಗಳು ಹಿಂಜರಿಯುತ್ತವೆ. ಎಲ್ಲ ಸಮುದಾಯಗಳ ಮನೆಗಳೂ ಹಿಂಜರಿಯುತ್ತವೆ. ಈ ಹಿಂಜರಿಕೆ ಸರಿಯೇ ತಪ್ಪೇ ಎಂದು ಚರ್ಚಿಸಬಹುದು, ಚರ್ಚಿಸಲೂಬೇಕು. ಆದರೆ ಆ ಚರ್ಚೆ ಮುಗಿಯುವ ತನಕ ಆಕೆಯ ಬಾಲ್ಯ ಕಾಯುವುದಿಲ್ಲ. ತಮ್ಮನ ಕೈಯಲ್ಲಾದರೂ ಪುಸ್ತಕ ಮನೆಗೆ ಬರುವಂತಿದ್ದರೆ ಆಕೆ ಓದಿಯಾಳು. ಇಲ್ಲಿಯೇ ಬಂದು ಓದು ಎಂಬ ನಿಯಮ ಗಂಡುಮಕ್ಕಳಿಗೆ ಬರೀ ಅನನುಕೂಲವಾದರೆ, ಹೆಣ್ಣುಮಕ್ಕಳಿಗೆ ಅದು ನಿಷೇಧವೇ ಆಗಿಬಿಡುತ್ತದೆ.

ಹಾಗಾದರೆ ಕಳೆದುಹೋಗುವ ಪುಸ್ತಕದ ಹೊಣೆ ಯಾರದು? ವಿಚಿತ್ರವೆಂದರೆ, ಈ ಪ್ರಶ್ನೆಗೆ ಉತ್ತರ ಸರಕಾರದ ಬಳಿಯೇ ಇದೆ. ಕೇಂದ್ರ ಸರಕಾರದ ಸಾಮಾನ್ಯ ಹಣಕಾಸು ನಿಯಮಾವಳಿಯ ಪ್ರಕಾರ, ವರ್ಷವೊಂದರಲ್ಲಿ ಓದುಗರಿಗೆ ಕೊಟ್ಟ ಪ್ರತಿ 1,000 ಪುಸ್ತಕಗಳಿಗೆ ಐದು ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು. ವಂಚನೆಯಾಗಲಿ ನಿರ್ಲಕ್ಷ್ಯವಾಗಲಿ ಇರಕೂಡದು ಎಂಬುದಷ್ಟೇ ಷರತ್ತು. 2005ರ ನಿಯಮಾವಳಿಯಲ್ಲಿ ಇದು 194ನೇ ನಿಯಮವಾಗಿತ್ತು, 2017ರದ್ದರಲ್ಲಿ 215ನೆಯದು. ದಿಲ್ಲಿಯ ಅಧಿಕಾರಿಗಳು ಓದುವ ಗ್ರಂಥಾಲಯಗಳಿಗೆ ಅನ್ವಯಿಸುವ ಈ ಔದಾರ್ಯ, ಐವತ್ತು ರೂಪಾಯಿಯ ಚಿತ್ರಪುಸ್ತಕ ಹಿಡಿದ ಹತ್ತು ವರ್ಷದ ಹುಡುಗನ ತನಕ ಇಳಿದು ಬರಬಾರದೇಕೆ? ಮಕ್ಕಳ ಪುಸ್ತಕಕ್ಕಾದರೆ ಸಾವಿರಕ್ಕೆ ಐದು ತೀರ ಕಡಿಮೆಯಾಯಿತು, ಐವತ್ತಾದರೂ ಇರಲಿ ಎನ್ನುತ್ತೇವೆ ನಾವು. ಹರಿದ, ಮಾಸಿದ, ಎಣ್ಣೆಯ ಕಲೆ ಬಿದ್ದ ಪುಸ್ತಕಗಳನ್ನು ನಷ್ಟದ ಪಟ್ಟಿಗೆ ಸೇರಿಸಲೇ ಕೂಡದು. ಅದು ಓದಿದ್ದರ ಗುರುತು.

ಹಣವೆಲ್ಲಿದೆ ಎಂಬ ಪ್ರಶ್ನೆಗೂ ಉತ್ತರವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಜನರು ಗ್ರಂಥಾಲಯಕ್ಕೆಂದೇ ಕರ ತೆರುತ್ತಿದ್ದಾರೆ. ಆಸ್ತಿ ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರು ರೂಪಾಯಿ. ಮನೆತೆರಿಗೆಯ ರಶೀದಿಯನ್ನು ಒಮ್ಮೆ ತೆಗೆದು ನೋಡಿ, ಅದರಲ್ಲಿ ಇದಕ್ಕೊಂದು ಸಾಲೇ ಇರುತ್ತದೆ. ಸ್ಥಳೀಯ ಸಂಸ್ಥೆಗಳು ಇದನ್ನು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ವರ್ಷಗಳಿಂದ ನಡೆದುಬಂದ ದೂರು. ಬಾಡಿಗೆ ಮನೆಯಲ್ಲಿರುವವನೂ ಬಾಡಿಗೆಯ ಮೂಲಕ ಈ ಕರವನ್ನು ಪರೋಕ್ಷವಾಗಿ ತೆರುತ್ತಾನೆ. ಆದರೆ ಠೇವಣಿ, ವಿಳಾಸದ ದಾಖಲೆ ಎಂದು ಕೇಳಿದಾಗ ಮೊದಲು ಹೊರಗುಳಿಯುವವರು ಅವನ ಮಕ್ಕಳೇ. ಸರಕಾರ ಮನಸ್ಸು ಮಾಡಿದರೆ ರಜೆಯಲ್ಲೂ ಕೆಲಸ ನಡೆಯುತ್ತದೆ ಎಂಬುದನ್ನು ನಾವು 2024ರಲ್ಲಿ ಕಂಡಿದ್ದೇವೆ. ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ಬಡಿಸಲಾಯಿತು. ಒಲೆ ಉರಿಸಬಹುದಾದರೆ ಕಪಾಟು ತೆರೆಯುವುದು ಅದಕ್ಕಿಂತ ಕಷ್ಟವೇ?

ಗಡಿಯಾಚೆಯ ಕೇರಳದಲ್ಲಿ ಊರವರೇ ಆರಿಸಿದ ಸಮಿತಿಗಳು ಗ್ರಂಥಾಲಯಗಳನ್ನು ನಡೆಸುತ್ತವೆ, ಅವುಗಳ ಮಕ್ಕಳ ವಿಭಾಗಕ್ಕೆ ಬಾಲವೇದಿ ಎಂದು ಹೆಸರು. 1945ರಲ್ಲಿ ಪಿ.ಎನ್. ಪಣಿಕ್ಕರ್ ಕಟ್ಟಿದ ಚಳವಳಿಯ ಫಲ ಅದು. ಅಂಥ ಸಮಿತಿಗಳು ನಮ್ಮಲ್ಲಿ ನಾಳೆಯೇ ಹುಟ್ಟಲಾರವು. ಆದರೆ ಜೂನ್ ಬಂತೆಂದರೆ ನೋಟುಪುಸ್ತಕ ಹಂಚುವ ಜಮಾಅತ್ ಸಮಿತಿಗಳು, ಯುವಕ ಮಂಡಲಗಳು, ಮಹಿಳಾ ಮಂಡಲಗಳು ನಮ್ಮಲ್ಲೂ ಇವೆಯಲ್ಲ? ಇವರು ಎಪ್ರಿಲ್‌ನಲ್ಲಿಯೇ ಗ್ರಂಥಾಲಯಕ್ಕೆ ಹೋಗಿ, "ನಮ್ಮ ಬೀದಿಯ ಈ ನಲವತ್ತು ಮಕ್ಕಳಿಗೆ ನಾವು ಜಾಮೀನು, ಪುಸ್ತಕ ಕೊಡಿ, ಕಳೆದರೆ ನಾವು ಕಟ್ಟುತ್ತೇವೆ" ಎಂದು ಬರೆದುಕೊಡಬಹುದು. ಅದಕ್ಕೆ ತಗಲುವ ಖರ್ಚು ಸನ್ಮಾನ ಸಭೆಯೊಂದರ ಶಾಲು ಹಾರಗಳ ಖರ್ಚನ್ನು ಮೀರಲಾರದು.

ಸಮಿತಿಗಳ ಜಾಮೀನು ತಾತ್ಕಾಲಿಕ ಪರಿಹಾರ ಮಾತ್ರ. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಪಟ್ಟಣಗಳ ಶಾಖಾ ಗ್ರಂಥಾಲಯಗಳಿಗೆ ಒಂದು ಸುತ್ತೋಲೆ ಹೊರಡಿಸಬೇಕೆಂಬುದು ನಮ್ಮ ಆಗ್ರಹ. ಹದಿನೆಂಟು ವರ್ಷದೊಳಗಿನವರಿಗೆ ಠೇವಣಿಯಿಲ್ಲದ ಸದಸ್ಯತ್ವ, ರಜೆಯಲ್ಲಿ ಒಮ್ಮೆಗೆ ಮೂರು ಪುಸ್ತಕ ಮನೆಗೆ, ತಡವಾದರೆ ದಂಡವಿಲ್ಲ, ಕಳೆದರೆ ಮೇಲ್ವಿಚಾರಕರ ಸಂಬಳಕ್ಕೆ ಕೈ ಹಾಕುವಂತಿಲ್ಲ ಎಂಬಷ್ಟು ಅದರಲ್ಲಿರಲಿ. ಒಂದು ಪುಟದ ಕಾಗದ. ಮುಂದಿನ ಬೇಸಿಗೆ ರಜೆಯ ಮೊದಲ ದಿನಕ್ಕೆ ಮುಂಚೆ ಅದು ಕೊನೆಯ ಶಾಖೆಯ ತನಕ ತಲುಪಿರಬೇಕು. ಹಡಗಿನ ಪುಸ್ತಕವನ್ನು ಅರ್ಧಕ್ಕೆ ಬಿಟ್ಟುಹೋದ ಆ ಹುಡುಗ ಈಗ ದೊಡ್ಡವನಾಗುತ್ತಿದ್ದಾನೆ, ಚಿತ್ರಪುಸ್ತಕದ ವಯಸ್ಸು ಅವನಿಗೆ ಬಹುದಿನ ಉಳಿಯುವುದಿಲ್ಲ.