ಜೋಡಿ ಸವಾರಿಯ ಲೆಕ್ಕ

ಶಾಲೆಗೂ ಅಂಗಡಿಗೂ ಹೋಗಿಬರುವುದಕ್ಕೆ ಮಾತ್ರ ಬೈಸಿಕಲ್ಲನ್ನು ಬಳಸುವ ನಮ್ಮ ತರುಣ ವಾಚಕರಿಗೆ, ಗಂಡಹೆಂಡಿರಿಬ್ಬರು ಅದನ್ನೇರಿ ಪರದೇಶಗಳಲ್ಲಿ ಸಾವಿರಾರು ಮೈಲಿ ಸುತ್ತಿದರೆಂದರೆ ಮೊದಲು ನಗೆ, ಆಮೇಲೆ ಬೆರಗು ಉಂಟಾಗಬಹುದು. ಇಂಥ ಯಾತ್ರೆಗಳನ್ನು ಸಾಹಸದ ಕಥೆಗಳಾಗಿ ಹೇಳುವವರು ಬಹಳ ಮಂದಿ ಇದ್ದಾರೆ. ನಮಗಾದರೋ ಅವುಗಳಲ್ಲಿ ಎದ್ದು ಕಾಣುವುದು ಯಂತ್ರಶಾಸ್ತ್ರದ ಒಂದು ಸಮಸ್ಯೆ, ಮತ್ತು ಅದರ ಬೆನ್ನಿಗೇ ಅಂಟಿಕೊಂಡಿರುವ ಒಂದು ನ್ಯಾಯದ ಪ್ರಶ್ನೆ. ಬಲದಲ್ಲಿ ಸಮನಲ್ಲದ ಎರಡು ದೇಹಗಳು ಒಂದೇ ದಾರಿಯನ್ನು ಒಂದೇ ಹೊತ್ತಿನಲ್ಲಿ ಕ್ರಮಿಸುವುದು ಹೇಗೆ?

ರೈಲಿನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಪೈಲ್ವಾನನೂ ರೋಗಿಯೂ ಒಂದೇ ವೇಗದಲ್ಲಿ ಸಾಗುತ್ತಾರೆ. ಕಾಲ್ನಡಿಗೆಯಲ್ಲಿ ಬಲಶಾಲಿಯಾದವನು ಹೆಜ್ಜೆಯನ್ನು ಚಿಕ್ಕದು ಮಾಡಿದರೆ ತೀರಿತು. ಬೈಸಿಕಲ್ಲಿನಲ್ಲಿ ಹಾಗಲ್ಲ. ಅದು ನಿಂತರೆ ಬೀಳುವ ವಾಹನ. ಏರುದಾರಿಯಲ್ಲಿ ವೇಗವನ್ನು ತೀರ ತಗ್ಗಿಸಿದರೆ ಹ್ಯಾಂಡಲು ಅತ್ತಿತ್ತ ಹೊರಳಿ ಸವಾರನು ಕಾಲೂರಬೇಕಾಗುತ್ತದೆ. ಆದುದರಿಂದ ಬಲವಂತನು ಮುಂದೆ ಹೋಗಿ ಮರದ ನೆರಳಿನಲ್ಲಿ ಕಾಯುತ್ತಾನೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವಷ್ಟರಲ್ಲಿ ಅವನ ದಣಿವು ಆರಿರುತ್ತದೆ; ಅವನು ಹೊರಡುತ್ತಾನೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಇಲ್ಲ, ಬೇಡವಾದವನಿಗೆ ಬೇಕಾದಷ್ಟು! ಇಬ್ಬರು ಕೂಡಿ ಹೊರಟ ಎಷ್ಟೋ ಯಾತ್ರೆಗಳು ಕೆಡುವುದು ಮಳೆಯಿಂದಲ್ಲ, ಮುಳ್ಳಿನಿಂದಲೂ ಅಲ್ಲ, ಈ ಮರದ ನೆರಳಿನಿಂದ.

ಈ ಸಮಸ್ಯೆಗೆ ಹೂಡಿದ ಮೊದಲನೆಯ ಉಪಾಯ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸುವುದು. ಅಮೆರಿಕೆಯ ಫಿಲಡೆಲ್ಫಿಯದವರಾದ ಚಿತ್ರಕಾರ ಜೋಸೆಫ್ ಪೆನೆಲ್ ಮತ್ತು ಲೇಖಕಿ ಎಲಿಜಬೆತ್ ರಾಬಿನ್ಸ್ ಪೆನೆಲ್ 1884ರಲ್ಲಿ ಮದುವೆಯಾದರು. ಆ ವರ್ಷವೇ ಇಬ್ಬರೂ ಕುಳಿತು ತುಳಿಯುವ ಮೂರು ಗಾಲಿಯ ಗಾಡಿಯಲ್ಲಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಹೋದರು. ಬಳಿಕ ಅಂಥದೇ ಗಾಡಿಯಲ್ಲಿ ಇಟಲಿಯ ಫ್ಲಾರೆನ್ಸಿನಿಂದ ರೋಮ್ ನಗರವನ್ನು ಮುಟ್ಟಿದರು. ಆಕೆ ಬರೆದಳು, ಆತ ಚಿತ್ರ ಬಿಡಿಸಿದ. ಮೂರು ಗಾಲಿಯೇ ಏಕೆಂದರೆ, ಆ ಕಾಲದ ಎರಡು ಗಾಲಿಯ ಬೈಸಿಕಲ್ಲಿನಲ್ಲಿ ಪೆಡಲುಗಳನ್ನು ಮುಂದಿನ ಗಾಲಿಯ ಅಚ್ಚಿಗೇ ನೇರವಾಗಿ ಜೋಡಿಸುತ್ತಿದ್ದರು. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. ಒಂದು ತುಳಿತಕ್ಕೆ ಹೆಚ್ಚು ದೂರ ಹೋಗಬೇಕಾದರೆ ಗಾಲಿ ದೊಡ್ಡದಾಗಬೇಕು. ಹೀಗಾಗಿ ಸವಾರನು ಆಳೆತ್ತರದಲ್ಲಿ ಕುಳಿತು, ಕಲ್ಲು ಎಡವಿದರೆ ತಲೆಕೆಳಗಾಗಿ ಬೀಳುತ್ತಿದ್ದ. ಉದ್ದ ಲಂಗ ತೊಟ್ಟ ಸ್ತ್ರೀಯರು ಅದನ್ನೇರುವ ಮಾತು ದೂರವೇ ಉಳಿಯಿತು.

ಒಂದೇ ಗಾಡಿಯ ಉಪಾಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ವಂಶಕ್ಕೆ ಸೇರಿದ ಎರಡು ಗಾಲಿಯ ಟ್ಯಾಂಡೆಮ್ ಇಂದಿಗೂ ಉಂಟು. ಅದರಲ್ಲಿ ಒಬ್ಬರ ಹಿಂದೊಬ್ಬರು ಕೂರುವುದರಿಂದ ಗಾಳಿಗೆ ಎದುರಾಗುವ ಮೈ ಹೆಚ್ಚುಕಡಿಮೆ ಒಬ್ಬರದೇ, ತುಳಿಯುವ ಕಾಲುಗಳು ಮಾತ್ರ ನಾಲ್ಕು. ಗಾಳಿಯ ತಡೆಯು ವೇಗದ ವರ್ಗದಂತೆ ಏರುತ್ತದೆ. ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯವು ವೇಗದ ಘನದಂತೆ. ಅಂದರೆ ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಮಡಿ ಬೇಕು. ಆದುದರಿಂದ ಬಯಲುಸೀಮೆಯಲ್ಲಿ ಟ್ಯಾಂಡೆಮನ್ನು ಹಿಂದಿಕ್ಕುವುದು ಒಂಟಿ ಸವಾರನಿಗೆ ಸುಲಭವಲ್ಲ. ಒಬ್ಬರು ಎಷ್ಟು ಬಲವಾಗಿ, ಇನ್ನೊಬ್ಬರು ಎಷ್ಟು ಮೆಲ್ಲಗೆ ಒತ್ತಿದರೂ ಇಬ್ಬರೂ ಒಟ್ಟಿಗೇ ಊರು ಸೇರುತ್ತಾರೆ; ಕಾಯುವ ಮಾತಿಲ್ಲ.

ಆದರೆ ಬೆಟ್ಟ ಬಂದಾಗ ಈ ಹೆಚ್ಚಳ ಕರಗುತ್ತದೆ. ಏರುವಾಗ ವೇಗ ಕಡಿಮೆ, ಗಾಳಿಯ ತಡೆ ಅಲ್ಪ, ಹೋರಾಟವೆಲ್ಲ ಭಾರದೊಡನೆ. ಇಳಿಯುವಾಗ ಇನ್ನೂ ಕಷ್ಟ. ಇಬ್ಬರು ಸವಾರರು, ಗಾಡಿ, ಗಂಟುಮೂಟೆ ಸೇರಿ 180 ಕಿಲೋಗ್ರಾಂ ಎಂದಿಟ್ಟುಕೊಂಡರೆ, 500 ಮೀಟರು ಇಳಿಯುವಷ್ಟರಲ್ಲಿ ಸುಮಾರು 8,80,000 ಜೂಲ್ ಶಕ್ತಿ ಹೊರಬರುತ್ತದೆ. ಗಾಳಿ ನುಂಗಿ ಉಳಿದುದನ್ನೆಲ್ಲ ಬ್ರೇಕುಗಳು ಶಾಖವಾಗಿ ಮಾರ್ಪಡಿಸಬೇಕು. ರಿಮ್ಮಿಗೆ ಒತ್ತುವ ಬ್ರೇಕಾದರೆ ರಿಮ್ಮು ಕಾದು ಟೈರು ಸಿಡಿಯುವುದುಂಟು. ಟ್ಯಾಂಡೆಮ್‌ಗಳಿಗೆ ಪ್ರತ್ಯೇಕ ಡ್ರಮ್ ಬ್ರೇಕನ್ನೋ ಡಿಸ್ಕ್ ಬ್ರೇಕನ್ನೋ ಹಾಕುವುದು ಈ ಕಾರಣದಿಂದ.

ನಮ್ಮ ಮುಖ್ಯ ಆಕ್ಷೇಪ ಬೇರೆ. ಟ್ಯಾಂಡೆಮ್‌ನಲ್ಲಿ ಹಿಂದೆ ಕುಳಿತವರಿಗೆ ಹ್ಯಾಂಡಲನ್ನು ತಿರುಗಿಸುವ ಅಧಿಕಾರವಿಲ್ಲ. ಸಾಮಾನ್ಯವಾಗಿ ಬ್ರೇಕು ಹಿಡಿಯುವ ಅಧಿಕಾರವೂ ಇಲ್ಲ. ಮುಂದಿನವರ ಬೆನ್ನೇ ಅವರ ಪಾಲಿನ ದೃಶ್ಯ. ಇಬ್ಬರೂ ಮನಸ್ಸು ಒಪ್ಪಿ ಹಾಗೆ ಕೂತರೆ, ಅದರಲ್ಲೂ ಕಣ್ಣು ಕಾಣದವರು ಹಿಂದಿನ ಸೀಟಿನಲ್ಲಿ ಕುಳಿತು ಲೋಕ ಸುತ್ತುವುದಾದರೆ, ಅದು ಉತ್ತಮವಾದ ಯಂತ್ರ. ಬರಿಯ ರೂಢಿಯಿಂದ ಒಬ್ಬರು ಸದಾ ಹಿಂದೆ ಕೂರುವುದಾದರೆ ಅದನ್ನು ನಾವು ಒಪ್ಪಲಾರೆವು.

ಎರಡನೆಯ ಉಪಾಯಕ್ಕೆ ದಾರಿಮಾಡಿದ್ದು ಎರಡು ಕಂಡುಹಿಡಿತಗಳು. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಎಂಬ ಬೈಸಿಕಲ್ಲನ್ನು ಹೊರತಂದನು. ಅದರಲ್ಲಿ ಸರಪಣಿಯು ಪೆಡಲಿನ ದೊಡ್ಡ ಹಲ್ಲುಗಾಲಿಯಿಂದ ಹಿಂದಿನ ಚಿಕ್ಕ ಹಲ್ಲುಗಾಲಿಗೆ ಚಲನೆಯನ್ನು ಒಯ್ಯುತ್ತದೆ. ಪೆಡಲು ಒಮ್ಮೆ ಸುತ್ತಿದರೆ ಗಾಲಿ ಹಲವು ಬಾರಿ ಸುತ್ತುತ್ತದೆ. ದೊಡ್ಡ ಗಾಲಿಯ ಅಗತ್ಯ ಅಲ್ಲಿಗೆ ಮುಗಿಯಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟು ಪಡೆದನು. ಹತ್ತು ವರ್ಷ ಕಳೆದು 1898ರಲ್ಲಿ ಎಲಿಜಬೆತ್ ಪೆನೆಲ್ ಆಲ್ಪ್ಸ್ ಪರ್ವತಗಳನ್ನು ದಾಟಿದ ತನ್ನ ಯಾತ್ರೆಯ ಪುಸ್ತಕವನ್ನು ಪ್ರಕಟಿಸಿದಳು. ಈ ಸಲ ಆಕೆ ಏರಿದ್ದು ತನ್ನದೇ ಆದ ಬೈಸಿಕಲ್ಲನ್ನು. ಗಂಡ ಜತೆಗಿದ್ದ, ಅವನ ಗಾಡಿಯಲ್ಲಿ ಅವನು. ಹದಿನಾಲ್ಕು ವರ್ಷಗಳಲ್ಲಿ ನಡೆದ ಈ ಒಂದು ಬದಲಾವಣೆ, ನಮ್ಮ ಅಭಿಪ್ರಾಯದಲ್ಲಿ, ಅನೇಕ ಭಾಷಣಗಳಿಗೆ ಸಮ.

ಅದೇ ದಶಕದಲ್ಲಿ ಬೈಸಿಕಲ್ಲು ತುಳಿಯುವ ಸ್ತ್ರೀಯರ ಮುಖ ಬಿಗಿದು ವಿಕಾರವಾಗುತ್ತದೆ, ಹೃದಯ ಕೆಡುತ್ತದೆ ಎಂದು ಇಂಗ್ಲೆಂಡು ಅಮೆರಿಕೆಗಳ ವೈದ್ಯರಲ್ಲಿ ಕೆಲವರು ಗಂಭೀರವಾಗಿ ಎಚ್ಚರಿಸುತ್ತಿದ್ದರು. ಸೈಕಲ್ ಮುಖವೆಂದು ಆ ಕಲ್ಪಿತ ರೋಗಕ್ಕೆ ಹೆಸರೂ ಬಿದ್ದಿತ್ತು! ಪದವಿಯುಳ್ಳವರು ಹೇಳಿದರೆಂದ ಮಾತ್ರಕ್ಕೆ ಅದು ವಿಜ್ಞಾನವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ತೋರದು.

ಇನ್ನು ಎರಡು ಬೈಸಿಕಲ್ಲುಗಳಲ್ಲಿ ಹೊರಟವರ ಸಮಸ್ಯೆಯನ್ನು ಲೆಕ್ಕಕ್ಕೆ ಇಳಿಸೋಣ. ಒಬ್ಬರು 70 ಕಿಲೋಗ್ರಾಂ ತೂಕದವರು, ಹೊತ್ತುಗಟ್ಟಲೆ 140 ವಾಟ್ ಸಾಮರ್ಥ್ಯವನ್ನು ಕೊಡಬಲ್ಲವರು. ಮತ್ತೊಬ್ಬರು 55 ಕಿಲೋಗ್ರಾಂ, 100 ವಾಟ್. (ಬಲಹೀನರು ಹೆಂಡತಿಯೇ ಆಗಿರಬೇಕೆಂದಿಲ್ಲ, ವಾಚಕರು ತಮಗೆ ತಿಳಿದ ದಂಪತಿಗಳನ್ನು ನೆನೆದುಕೊಳ್ಳಲಿ.) ಪ್ರತಿಯೊಂದು ಬೈಸಿಕಲ್ಲೂ 15 ಕಿಲೋ, ಡೇರೆ, ಬಟ್ಟೆ, ಪಾತ್ರೆ, ನೀರು ಎಲ್ಲ ಸೇರಿ 30 ಕಿಲೋ ಸಾಮಾನು. ನೂರು ಮೀಟರಿಗೆ ಐದು ಮೀಟರಿನಂತೆ ಏರುವ 10 ಕಿಲೋಮೀಟರಿನ ದಾರಿ. ಗಾಳಿ ಮತ್ತು ಘರ್ಷಣೆಗಳನ್ನು ಸದ್ಯಕ್ಕೆ ಮರೆಯೋಣ.

ನ್ಯಾಯವೆಂದು ತೋರುವ ರೀತಿಯಲ್ಲಿ ಸಾಮಾನನ್ನು ಹದಿನೈದು ಹದಿನೈದು ಕಿಲೋ ಹಂಚಿದರೆ ಮೊದಲನೆಯವರು 100 ಕಿಲೋ ಭಾರವನ್ನು, ಎರಡನೆಯವರು 85 ಕಿಲೋ ಭಾರವನ್ನು ಏರಿಸಬೇಕು. ಒಬ್ಬರು 58 ನಿಮಿಷದಲ್ಲಿ ಮೇಲೆ ಮುಟ್ಟಿದರೆ ಇನ್ನೊಬ್ಬರಿಗೆ 69 ನಿಮಿಷ ಹಿಡಿಯುತ್ತದೆ. ಹನ್ನೊಂದು ನಿಮಿಷಗಳ ಮರದ ನೆರಳು. ಈಗ ಎಂಟು ಕಿಲೋ ಸಾಮಾನನ್ನು ಬಲಶಾಲಿಯ ಕ್ಯಾರಿಯರಿಗೆ ಸಾಗಿಸಿ 23ಕ್ಕೆ 7 ಎಂದು ಹಂಚಿರಿ. ಇಬ್ಬರಿಗೂ 63 ನಿಮಿಷ ಸಾಕು. ಜೋಡಿಯು ಮೇಲೆ ಸೇರುವ ಹೊತ್ತು ಆರು ನಿಮಿಷ ಮುಂದಕ್ಕೆ ಬಂತು, ಕಾಯುವವರೂ ಇಲ್ಲ, ಕಾಯಿಸುವವರೂ ಇಲ್ಲ. ಸಮಪಾಲು ಎಂಬುದೂ ನ್ಯಾಯದ ಪಾಲು ಎಂಬುದೂ ಬೇರೆ ಬೇರೆ ಸಂಖ್ಯೆಗಳೆಂದು ಇಲ್ಲಿ ತಕ್ಕಡಿಯೇ ಹೇಳುತ್ತದೆ. ಬಯಲಿನಲ್ಲಾದರೆ ತಕ್ಕಡಿ ಬೇಡ; ಬಲಹೀನರು ಬಲಶಾಲಿಯ ಹಿಂದೆ ಹತ್ತಿರವಾಗಿ ಸಾಗಿದರೆ ಸಾಕು, ಅವರ ಮೈಮೇಲಿನ ಗಾಳಿಯ ತಡೆ ನಾಲ್ಕನೆಯ ಒಂದು ಪಾಲಾದರೂ ತಗ್ಗುತ್ತದೆ.

ಇತ್ತೀಚೆಗೆ ಮೂರನೆಯ ಉಪಾಯವೂ ಬಂದಿದೆ: ತುಳಿತಕ್ಕೆ ನೆರವು ನೀಡುವ ವಿದ್ಯುತ್ ಮೋಟಾರು. ಯೂರೋಪಿನ ಒಕ್ಕೂಟದ ನಿಯಮದಂತೆ ಅದು 250 ವಾಟ್ ಮೀರಬಾರದು, ಗಂಟೆಗೆ 25 ಕಿಲೋಮೀಟರು ವೇಗ ಮುಟ್ಟಿದೊಡನೆ ನೆರವು ನಿಲ್ಲಬೇಕು. ಇದು ಮೋಸವೆಂದು ಕೆಲವು ಹಳೆಯ ಸವಾರರು ಮುಖ ಸಿಂಡರಿಸುವುದನ್ನು ಕಂಡಿದ್ದೇವೆ. ಹಾಗೆನ್ನುವವರು ಗಾಳಿ ಟೈರನ್ನೂ ಗೇರುಗಳನ್ನೂ ಮೊದಲು ಬಿಚ್ಚಿಡಲಿ. ವಯಸ್ಸಿನಿಂದಲೋ ಕಾಯಿಲೆಯಿಂದಲೋ ಮನೆಯಲ್ಲಿ ಉಳಿಯಬೇಕಾದವರು ಇದರ ನೆರವಿನಿಂದ ಜತೆಗೆ ಹೊರಡುವುದಾದರೆ ನಾವು ಮೋಟಾರಿನ ಪಕ್ಷ. ಆದರೆ ತೊಡಕುಗಳಿಲ್ಲದೆ ಇಲ್ಲ. 100 ವಾಟ್‌ನವರಿಗೆ 250 ವಾಟ್ ಕೂಡಿದರೆ ಏರಿನಲ್ಲಿ ಅವರೇ ಮುಂದೆ ಹೋಗಿ ನೆರಳಿನಲ್ಲಿ ಕೂರುತ್ತಾರೆ; ಹಳೆಯ ಜಗಳ ತಲೆಕೆಳಗಾಗಿ ನಿಲ್ಲುತ್ತದೆ. ಬ್ಯಾಟರಿ ಬರಿದಾದರೆ ಭಾರವಾದ ಗಾಡಿ ಉಳಿಯಿತು. ಅಲ್ಲದೆ 160 ವಾಟ್-ಗಂಟೆಗಿಂತ ಹೆಚ್ಚಿನ ಲಿಥಿಯಂ ಬ್ಯಾಟರಿಯನ್ನು ವಿಮಾನಪ್ರಯಾಣಿಕರು ಒಯ್ಯುವಂತಿಲ್ಲ. ಇಂಥ ಬೈಸಿಕಲ್ಲಿನ ಬ್ಯಾಟರಿಯಾದರೋ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು. ಪರದೇಶದ ಯಾತ್ರೆಗೆ ಇದು ಸಣ್ಣ ಅಡ್ಡಿಯಲ್ಲ.

ಎರಡು ಬೈಸಿಕಲ್ಲುಗಳ ದಂಪತಿಗಳಲ್ಲಿ ನಮ್ಮ ದೇಶಕ್ಕೆ ಸಂಬಂಧಪಟ್ಟವರು ಅಮೆರಿಕೆಯ ವರ್ಕ್‌ಮನ್ ದಂಪತಿಗಳು. ವಿಲಿಯಂ ಹಂಟರ್ ವರ್ಕ್‌ಮನ್ ವೈದ್ಯ. ಅನಾರೋಗ್ಯದಿಂದ ವೃತ್ತಿಯನ್ನು ಬೇಗನೆ ಬಿಟ್ಟವನು. ಹೆಂಡತಿ ಫ್ಯಾನಿ ಬುಲಕ್ ವರ್ಕ್‌ಮನ್ ಅವನಿಗಿಂತ ಹನ್ನೆರಡು ವರ್ಷ ಕಿರಿಯಳು. 1895ರಲ್ಲಿ ಇವರು ಸ್ಪೇನ್ ದೇಶದಲ್ಲಿ 2,800 ಮೈಲಿ ಸುತ್ತಿದರು. 1897ರ ಕೊನೆಗೆ ಏಷ್ಯಕ್ಕೆ ಬಂದು, ಸಿಂಹಳ, ಜಾವಾ, ಬರ್ಮಾಗಳನ್ನು ನೋಡಿದರಲ್ಲದೆ ಭಾರತವನ್ನು ದಕ್ಷಿಣದ ತುದಿಯಿಂದ ಹಿಮಾಲಯದವರೆಗೆ ಬೈಸಿಕಲ್ಲಿನ ಮೇಲೆ ಕ್ರಮಿಸಿದರು. 1904ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರೇ ಹದಿನಾಲ್ಕು ಸಾವಿರ ಮೈಲಿಗಳ ಸವಾರಿಯನ್ನು ಸಾರುತ್ತದೆ. ಚಹ, ಸಕ್ಕರೆ, ಬಿಸ್ಕತ್ತು, ಒಂದೊಂದು ಕಂಬಳಿ, ಔಷಧ, ದುರಸ್ತಿಯ ಸಾಮಗ್ರಿ ಇಂಥವೇ ಹೊರೆ. ಬಂಗಲೆ ಸಿಕ್ಕದಿದ್ದರೆ ರೈಲು ನಿಲ್ದಾಣದ ತಂಗುಕೋಣೆ. ಒಂದೇ ದಿನ ನಲವತ್ತರವರೆಗೆ ಪಂಕ್ಚರುಗಳನ್ನು ಮುಚ್ಚಬೇಕಾದುದೂ ಉಂಟು. ನಮ್ಮ ಜಾಲಿಮುಳ್ಳನ್ನು ಬಲ್ಲವರಿಗೆ ಇದು ಅತಿಶಯೋಕ್ತಿಯೆನಿಸದು. ಅನಾರೋಗ್ಯದ ಆ ವೈದ್ಯ ಬಹುಕಾಲ ಬದುಕಿ 1937ರಲ್ಲಿ, ತೊಂಬತ್ತರ ಹತ್ತಿರದಲ್ಲಿ, ತೀರಿಕೊಂಡ. ಒಂದು ಉದಾಹರಣೆಯಿಂದ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಈ ಸವಾರಿಯೇ ಅವರನ್ನು ಹಿಮಾಲಯ, ಕಾರಕೋರಂಗಳ ಕಡೆಗೆ ಸೆಳೆಯಿತು. ಅಲ್ಲಿ ಅವರು ಅನುಸರಿಸಿದ ಪದ್ಧತಿ ಮೆಚ್ಚತಕ್ಕದ್ದು: ಒಂದು ವರ್ಷ ಒಬ್ಬರು ಯಾತ್ರೆಯ ವ್ಯವಸ್ಥೆಯನ್ನು ವಹಿಸಿದರೆ ಇನ್ನೊಬ್ಬರು ಅಳತೆ, ವೀಕ್ಷಣೆಗಳನ್ನು, ಮರುವರ್ಷ ಅದಲುಬದಲು. ಅವರ ನಕ್ಷೆಗಳಲ್ಲಿ ತಪ್ಪುಗಳಿದ್ದುದನ್ನು ಆಮೇಲಿನವರು ತೋರಿಸಿದ್ದಾರೆ, ಅದಿರಲಿ. ಹೊರೆಯನ್ನು ತಮ್ಮಿಬ್ಬರೊಳಗೆ ಇಷ್ಟು ಚೆನ್ನಾಗಿ ಹಂಚಿಕೊಂಡವರು, ಅದನ್ನು ಬೆನ್ನ ಮೇಲೆ ಹೊತ್ತ ಕೂಲಿಗಳ ವಿಷಯದಲ್ಲಿ ಮಾತ್ರ ಲೆಕ್ಕವನ್ನು ಮರೆತರೆಂಬುದು ನಮ್ಮ ದೂರು. ತಾವು ಬಯಸಿದಷ್ಟು ಮೈಲಿ ದಿನವೂ ನಡೆಯಲು ಕೂಲಿಗಳು ಒಪ್ಪಲಿಲ್ಲ, ಕೆಲವೊಮ್ಮೆ ಬಿಟ್ಟೇ ಹೋದರು ಎಂದು ಅವರು ಸಿಟ್ಟಾದರು. 50 ಕಿಲೋ ತೂಕದ ಮನುಷ್ಯನು 25 ಕಿಲೋ ಹೊತ್ತರೆ ಒಟ್ಟು ಭಾರ ಒಂದೂವರೆ ಪಟ್ಟಾಗುತ್ತದೆ. ಅದೇ ಸಾಮರ್ಥ್ಯದಲ್ಲಿ ಏರುವ ವೇಗ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಸುಮಾರು 5,500 ಮೀಟರು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ ಮಾತ್ರ. ಅದಕ್ಕಿಂತ ಕೆಳಗೇ ಆಮ್ಲಜನಕದ ಕೊರತೆಯಿಂದ ಸಾಮರ್ಥ್ಯ ಮೂರನೆಯ ಒಂದು ಪಾಲು ತಗ್ಗಿತೆಂದು ಇಟ್ಟುಕೊಂಡರೂ ವೇಗ ಒಂಬತ್ತರಲ್ಲಿ ನಾಲ್ಕು ಪಾಲಿಗೆ ಬಂತು, ಅರ್ಧಕ್ಕೂ ಕಡಿಮೆ. ಬರಿಗೈಯಲ್ಲಿ ನಡೆಯುವ ಯಜಮಾನರ ಹೆಜ್ಜೆಗೆ ಅವನ ಹೆಜ್ಜೆ ಹೊಂದುವ ಬಗೆ ಹೇಗೆ? ಇದನ್ನು ಕಂಡುಕೊಳ್ಳಲು ವೈದ್ಯನಾಗಿದ್ದ ವರ್ಕ್‌ಮನ್ನನಿಗೆ ಒಂದು ಚೂರು ಕಾಗದ, ಒಂದು ಸೀಸದಕಡ್ಡಿ ಸಾಕಾಗಿತ್ತು.