ಹಳ್ಳಿ ಹಲ್ಲಿಯಾದ ಕಥೆ

ಹಳೆಯ ಕಾಗದವನ್ನು ಗೆದ್ದಲು ತಿಂದರೆ ನಾವು ಗೆದ್ದಲಿನ ಮೇಲೆ ಸಿಟ್ಟಾಗುವುದಿಲ್ಲ. ತಿನ್ನುವುದು ಅದರ ಧರ್ಮ. ಆದರೆ ಕಾಗದವನ್ನು ಕಾಯುವುದಕ್ಕೆಂದೇ ತಂದಿರಿಸಿದ ಪೆಟ್ಟಿಗೆಯೇ ಕಾಗದವನ್ನು ತಿಂದುಹಾಕಿದರೆ? ಆಗಲೂ ಹಣೆಬರಹವೆಂದು ಸುಮ್ಮನಿರುವವರನ್ನು ಸಜ್ಜನರೆನ್ನಬಹುದೇ ಹೊರತು ಬುದ್ಧಿವಂತರೆನ್ನಲಾಗದು. ನಾನು ಸುಮ್ಮನಿರಲಾರೆ. ಕಾರಣ ಹೇಳುತ್ತೇನೆ.

ನನ್ನ ತಮ್ಮ ಮೇಲುವ್ಯಾಸಂಗಕ್ಕೆಂದು ನರಸಾಪುರದಿಂದ ಅಮೆರಿಕಕ್ಕೆ ಹೋದವನು ಅಲ್ಲಿಯೇ ನೆಲೆನಿಂತ. ಮನೆಗೆ ಅವನು ಬರೆಯುತ್ತಿದ್ದ ಕಾಗದಗಳು ಬಲು ಚುಟುಕು: ಕ್ಷೇಮ, ಹಣ ಕಳಿಸಿದ್ದೇನೆ, ಅಮ್ಮನ ಮಂಡಿನೋವು ಹೇಗಿದೆ. ಅವನ ಮನಸ್ಸು ಬಿಚ್ಚಿಕೊಳ್ಳುತ್ತಿದ್ದುದು ಬೇರೆಡೆ, 1990ರ ದಶಕದಲ್ಲಿ ಹೊರನಾಡಿನ ಕನ್ನಡಿಗರು ಕಂಪ್ಯೂಟರಿನ ಮೂಲಕ ಕೂಡಿ ಹರಟುತ್ತಿದ್ದ ಯೂಸ್‌ನೆಟ್ಟಿನ ಗುಂಪೊಂದರಲ್ಲಿ. ಅವನು ತೀರಿಕೊಂಡು ಮೂರು ವರ್ಷವಾಯಿತು. ಹೋದ ಬೇಸಗೆಯಲ್ಲಿ ಅವನ ಮಗಳು ಊರಿಗೆ ಬಂದಿದ್ದಳು. “ದೊಡ್ಡಪ್ಪ, ಅಪ್ಪ ಕನ್ನಡದಲ್ಲಿ ಬರೆದದ್ದು ಏನಾದರೂ ನಿಮ್ಮ ಹತ್ತಿರ ಇದೆಯಾ? ನನ್ನ ಹತ್ತಿರ ಇರೋದೆಲ್ಲ ಅವರ ಇಂಗ್ಲಿಷೇ” ಎಂದಳು. ಇದೆ ಎಂದೆ. 2003ರಲ್ಲಿ ಊರಿಗೆ ಬಂದಾಗ ಅವನೇ ಒಂದು ಸಿ.ಡಿ.ಯಲ್ಲಿ ಎಲ್ಲವನ್ನೂ ತುಂಬಿ ಕೊಟ್ಟುಹೋಗಿದ್ದ. ಇದೆ ಎಂದದ್ದೇ ತಪ್ಪಾಯಿತು.

ಯೂಸ್‌ನೆಟ್ ಎಂದರೇನೆಂದು ಕೇಳುವ ವಾಚಕರಿಗೆ ಎರಡು ಮಾತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದರ ಕಲ್ಪನೆ ಮಾಡಿದರು. ಮರುವರ್ಷ ಅದು ನಡೆಯತೊಡಗಿತು. ಇದಕ್ಕೆ ಒಡೆಯನಿಲ್ಲ, ಕೇಂದ್ರವಿಲ್ಲ. ಕೋಲಾರದ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ: ನಮ್ಮ ಕೆರೆಗಳ ಸಾಲು ಇದ್ದ ಹಾಗೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಒಂದು ಯಂತ್ರಕ್ಕೆ ಬಂದ ಬರಹ ಅದರ ನೆರೆಯ ಯಂತ್ರಕ್ಕೆ ಹರಿಯುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ಎಲ್ಲ ಕೆರೆಗಳಲ್ಲೂ ಒಂದೇ ನೀರು. ಪ್ರತಿಯೊಂದು ಯಂತ್ರಕ್ಕೂ ಒಬ್ಬ ನೀರುಗಂಟಿ. ಎಷ್ಟು ದಿನ ನೀರು ನಿಲ್ಲಿಸಬೇಕು, ಯಾವಾಗ ತೂಬು ಎತ್ತಬೇಕು ಎಂಬುದು ಅವನ ಇಷ್ಟ. ಜಾಗ ಸಾಲದಾದರೆ ಹಳೆಯ ಬರಹಗಳನ್ನು ಅಳಿಸುತ್ತಿದ್ದ. ಆದುದರಿಂದ ಬರಹ ಉಳಿಯಬೇಕಾದರೆ ಓದುಗನೇ ತನ್ನ ಮನೆಯಲ್ಲಿ ತೆಗೆದಿರಿಸಿಕೊಳ್ಳಬೇಕಾಗಿತ್ತು.

ನಮ್ಮವರ ಗುಂಪಿನ ಹೆಸರು ಸಾಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ. ಹೆಸರು ಹೇಳುವಷ್ಟರಲ್ಲೇ ಸಾಕಪ್ಪಾ ಎನಿಸುತ್ತದೆ. ಆದರೆ ಅದನ್ನು ಸೇರಿದವರಿಗೆ ಸಾಕೆನಿಸಲಿಲ್ಲ. ಅಲ್ಲಿ ಕನ್ನಡದ ಅಕ್ಷರಗಳಿರಲಿಲ್ಲ. ಇಂಗ್ಲಿಷಿನ ಅಕ್ಷರಗಳಲ್ಲೇ ಕನ್ನಡವನ್ನು ಬರೆಯಬೇಕಾಗಿತ್ತು. ಅದಕ್ಕಾಗಿ ಒಂದು ಜಾಣತನದ ಕಟ್ಟು ಮಾಡಿಕೊಂಡಿದ್ದರು: ಚಿಕ್ಕ ಅಕ್ಷರಕ್ಕೆ ಒಂದು ಉಚ್ಚಾರ, ದೊಡ್ಡ ಅಕ್ಷರಕ್ಕೆ ಇನ್ನೊಂದು. ಚಿಕ್ಕ ‘ಎಲ್’ ಆದರೆ ಲಕಾರ, ದೊಡ್ಡ ‘ಎಲ್’ ಆದರೆ ಳಕಾರ. ನನ್ನ ತಮ್ಮ ಆ ಲಿಪಿಯಲ್ಲಿ ಮುದ್ದೆ ತೊಳಸುವ ಕ್ರಮವನ್ನು ಬರೆದ. ನಮ್ಮ ಕೆರೆಯ ಏರಿಯ ಮೇಲಿನ ನೇರಳೆ ಮರವನ್ನು ಬರೆದ. ಗಡಿಸೀಮೆಯ ನಮ್ಮ ತೆಲುಗು ಬೆರೆತ ಮಾತನ್ನು ಹಳಿದವರೊಬ್ಬರ ಜೊತೆ ಹದಿನೈದು ದಿನ ಜಗಳವಾಡಿದ. ಇವೆಲ್ಲ ಆ ಸಿ.ಡಿ.ಯಲ್ಲಿವೆ.

ಇವೆ, ಆದರೆ ಸಿಗುವುದಿಲ್ಲ. ಯೂಸ್‌ನೆಟ್ಟನ್ನು ಓದುವುದಕ್ಕೆ ನ್ಯೂಸ್‌ರೀಡರ್ ಎಂಬ ತಂತ್ರಾಂಶ ಬೇಕು. ಅವನು ಬಳಸುತ್ತಿದ್ದುದು ಆ ಕಾಲಕ್ಕೆ ಹೆಸರುವಾಸಿಯಾದದ್ದೇ. ಅದು ಬರಹಗಳನ್ನೆಲ್ಲ ಒಂದು ದೊಡ್ಡ ಕಡತದಲ್ಲಿ ಒತ್ತೊತ್ತಾಗಿ ತುಂಬಿ, ಯಾವುದು ಎಲ್ಲಿದೆ ಎಂಬ ಲೆಕ್ಕವನ್ನು ಇನ್ನೊಂದು ಕಡತದಲ್ಲಿ ಇಡುತ್ತಿತ್ತು. ಲೆಕ್ಕದ ಕಡತ ಕೆಟ್ಟಿತ್ತು. ನಾನು ಬಹು ಪ್ರಯಾಸದಿಂದ ಹಳೆಯ ತಂತ್ರಾಂಶವನ್ನು ಹುಡುಕಿಸಿ ತೆರೆದರೆ ‘ಬರಹಗಳು: ಸೊನ್ನೆ’ ಎಂದಿತು. ಹಗೇವಿನಲ್ಲಿ ರಾಗಿ ತುಂಬಿ ಮುಚ್ಚಿ, ಗುರುತನ್ನು ಮರೆತ ರೈತನ ಪಾಡು ನನ್ನದು. ರಾಗಿ ಕಾಲ ಕೆಳಗೇ ಇದೆ, ಅಗೆಯುವುದೆಲ್ಲಿ?

ನೆರೆಯ ಹುಡುಗನೊಬ್ಬ ಆ ದೊಡ್ಡ ಕಡತವನ್ನೇ ನೇರವಾಗಿ ತೆರೆದು ಅಕ್ಷರಗಳನ್ನು ಸುರಿದುಕೊಟ್ಟ. ಅದನ್ನು ಈಗಿನ ಎರಡು ತಂತ್ರಾಂಶಗಳಿಗೆ ಉಣಿಸಿ ನೋಡಿದೆವು. ಒಂದು, ಪ್ರತಿ ಬರಹದ ತಲೆಯಲ್ಲಿರುವ ಗುರುತಿನ ಸಂಖ್ಯೆಯನ್ನು ಕಸವೆಂದು ಬಿಸುಟಿತು. ಯಾರ ಮಾತಿಗೆ ಯಾರು ಉತ್ತರ ಕೊಟ್ಟರೆಂಬುದು ತಿಳಿಯುವುದು ಆ ಸಂಖ್ಯೆಯಿಂದಲೇ. ಅದು ಹೋದಮೇಲೆ ಹದಿನೈದು ದಿನದ ಜಗಳ ಹುಚ್ಚನ ಸ್ವಗತವಾಯಿತು: ಉತ್ತರಗಳಿವೆ, ಪ್ರಶ್ನೆಗಳಿಲ್ಲ. ಇನ್ನೊಂದರ ಚೋದ್ಯ ಬೇರೆ. ಸಾಲಿನ ಮೊದಲಲ್ಲಿ ಇಂಗ್ಲಿಷಿನ ‘ಫ್ರಮ್’ ಎಂಬ ಪದ ಕಂಡರೆ ಅಲ್ಲಿಂದ ಹೊಸ ಕಾಗದ ಶುರುವಾಯಿತೆಂದು ಅದು ನಂಬುತ್ತದೆ. ತಮ್ಮ ನಡುನಡುವೆ ಇಂಗ್ಲಿಷ್ ಬೆರೆಸುತ್ತಿದ್ದವನು. ಎಲ್ಲೆಲ್ಲಿ ಸಾಲಿನ ಮೊದಲಿಗೆ ಆ ಪದ ಬಂತೋ ಅಲ್ಲಲ್ಲಿ ಅವನ ಕಾಗದದ ಕತ್ತು ಕತ್ತರಿಸಿತ್ತು. ಮುಂಡಕ್ಕೆ ಹೆಸರಿಲ್ಲ, ತಾರೀಖಿಲ್ಲ.

ಕೊನೆಗೆ, ನಮ್ಮ ಹಳ್ಳಿಯ ವಿಷಯ ಬರೆದದ್ದನ್ನಾದರೂ ಹುಡುಕೋಣವೆಂದು ‘ಹಳ್ಳಿ’ ಎಂದು ಹಾಕಿದೆ. ಹುಡುಕುವ ಯಂತ್ರಕ್ಕೆ ದೊಡ್ಡ ‘ಎಲ್’, ಚಿಕ್ಕ ‘ಎಲ್’ ಎಂಬ ಭೇದವಿಲ್ಲ. ನಮ್ಮ ಹಳ್ಳಿಯ ಬದಲು ಗೋಡೆಯ ಹಲ್ಲಿ ಎದುರಿಗೆ ಬಂದು ಲೊಚಗುಟ್ಟಿತು. ಸಮತೆಯೆಂದರೆ ಇದಲ್ಲವೇ! ಇಂಗ್ಲಿಷಿಗೆ ಅನುಕೂಲವಾದ ಸಮತೆಯಲ್ಲಿ ಕನ್ನಡದ ಹಳ್ಳಿಗಳೆಲ್ಲ ಹಲ್ಲಿಗಳು.

ದೊಡ್ಡ ಸಂಸ್ಥೆಗಳು ಕಾಪಾಡಿವೆಯಲ್ಲ ಎನ್ನುವವರಿದ್ದಾರೆ. ಅವರಿಗೂ ಉತ್ತರ ಹೇಳಬೇಕು. 1995ರಲ್ಲಿ ಡೆಜಾ ನ್ಯೂಸ್ ಎಂಬ ಸಂಸ್ಥೆ ಯೂಸ್‌ನೆಟ್ಟನ್ನು ಕೂಡಿಡತೊಡಗಿತು. 2001ರ ಆರಂಭದಲ್ಲಿ ಅದನ್ನು ಗೂಗಲ್ ಕೊಂಡಿತು. ಆ ವರ್ಷದ ಕೊನೆಗೆ ಇಪ್ಪತ್ತು ವರ್ಷದ 70 ಕೋಟಿಗೂ ಹೆಚ್ಚು ಬರಹಗಳನ್ನು ಲೋಕಕ್ಕೆ ತೆರೆಯಿತು. ಒಳ್ಳೆಯ ಕೆಲಸವೇ. ಆದರೆ 2009ರ ವೇಳೆಗೆ ಅಲ್ಲಿನ ಹುಡುಕಾಟ ಕೆಟ್ಟು ಕುಳಿತಿದೆಯೆಂದು ಅಮೆರಿಕದ ವೈರ್ಡ್ ಪತ್ರಿಕೆ ದೂರಿತು. 2024ರ ಫೆಬ್ರವರಿ 22ರಂದು ಗೂಗಲ್ ಯೂಸ್‌ನೆಟ್ಟಿನ ಹೊಸ ಬರಹಗಳಿಗೆ ಬಾಗಿಲು ಹಾಕಿತು. ಹಳೆಯವು ನೋಡಲು ಇರುತ್ತವೆ ಎಂದಿತು. ಇರುತ್ತವೆ ಎಂಬುದು ಮಾತೇ ಹೊರತು ಕರಾರಲ್ಲ. ಅಂಗಡಿಯವನು ನಮ್ಮ ಮೇಲಿನ ಅಕ್ಕರೆಯಿಂದ ಅಂಗಡಿ ತೆರೆದವನಲ್ಲ; ಮುಚ್ಚುವಾಗಲೂ ನಮ್ಮನ್ನು ಕೇಳುವವನಲ್ಲ. ಅವನನ್ನು ಬಯ್ದು ಫಲವಿಲ್ಲ. ಗ್ರಂಥಾಲಯದ ಕೆಲಸವನ್ನು ಅಂಗಡಿಗೆ ವಹಿಸಿದ ನಮ್ಮನ್ನೇ ಬಯ್ದುಕೊಳ್ಳಬೇಕು.

ಇಷ್ಟಕ್ಕೂ ಆ ರಾಶಿಯಲ್ಲಿ 1981ರಿಂದ 1991ರವರೆಗಿನ ಬರಹಗಳು ಉಳಿದದ್ದು ಬಹುಮಟ್ಟಿಗೆ ಯಾರಿಂದ? ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ ಎಂಬಾತ ಅವನ್ನು 141 ಟೇಪುಗಳಲ್ಲಿ ತುಂಬಿಸಿ ಇಟ್ಟಿದ್ದರಿಂದ. ಸುಮಾರು 20 ಲಕ್ಷ ಬರಹಗಳು. ಮನುಷ್ಯರ ಹರಟೆಯನ್ನು ಕಾದದ್ದು ಭಾಷಾಶಾಸ್ತ್ರವಲ್ಲ, ಇತಿಹಾಸವಲ್ಲ, ಪ್ರಾಣಿಶಾಸ್ತ್ರ! ನಮ್ಮಲ್ಲಿ ಪ್ರಾಣಿಶಾಸ್ತ್ರದವರೂ ಮುಂದೆ ಬರಲಿಲ್ಲವೆಂಬುದೇ ನನ್ನ ಕೊರಗು.

‘ಅಯ್ಯಾ, ಅದೆಲ್ಲ ಕಾಡುಹರಟೆ, ಹೋದರೆ ಹೋಗಲಿ’ ಎಂದು ಒಬ್ಬ ಪ್ರಾಧ್ಯಾಪಕ ಮಿತ್ರರು ನನಗೆ ಉಪದೇಶ ಮಾಡಿದರು. ಅವರೇ ಶಾಸನಗಳ ಮೇಲೆ ಗಂಟೆಗಟ್ಟಲೆ ಭಾಷಣ ಮಾಡುವವರು. 1905ರಲ್ಲಿ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಕೋಲಾರ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಅದರಲ್ಲಿ ಎಲ್ಲವೂ ರಾಜಾಧಿರಾಜರ ದಿಗ್ವಿಜಯವೇ? ಗದ್ದೆಯ ಎಲ್ಲೆ, ಕೆರೆಯ ತೂಬು, ದನ ಹಿಡಿದವರನ್ನು ಅಟ್ಟಿಕೊಂಡು ಹೋಗಿ ಸತ್ತ ಯಾವನೋ ಊರಿನವನು—ಇವೂ ಇವೆ. ಕೆತ್ತಿದ ದಿನ ಅವು ಊರ ಸುದ್ದಿ. ಸಾವಿರ ವರ್ಷ ಉಳಿದದ್ದರಿಂದ ಚರಿತ್ರೆ. ರೈಸರು ಹರಟೆ ಯಾವುದು ಚರಿತ್ರೆ ಯಾವುದು ಎಂದು ಜರಡಿ ಹಿಡಿಯುತ್ತ ಕೂರಲಿಲ್ಲ. ಸಿಕ್ಕಿದ್ದನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಇಟ್ಟರು. ಕೋಲಾರ ಇಷ್ಟು, ಮುಳಬಾಗಿಲು ಇಷ್ಟು ಎಂದರೆ ಇಂದಿಗೂ ವಿದ್ವಾಂಸರಿಗೆ ಕಲ್ಲು ಯಾವುದೆಂದು ತಿಳಿಯುತ್ತದೆ. ಅಂದು ನಕಲು ಮಾಡಿದ ಕಲ್ಲುಗಳಲ್ಲಿ ಎಷ್ಟೋ ಇಂದು ನಿಂತ ಸ್ಥಳದಲ್ಲಿಲ್ಲ. ಸಂಖ್ಯೆಯೂ ಪಾಠವೂ ಉಳಿದಿವೆ. ಆ ಸಂಖ್ಯೆಯ ಬೆಲೆ ನಮ್ಮ ತಂತ್ರಾಂಶ ಬರೆಯುವ ಜಾಣರಿಗೆ ನೂರು ವರ್ಷದ ಮೇಲೂ ತಿಳಿದಿಲ್ಲ.

ಇನ್ನೊಂದು ಆಕ್ಷೇಪಣೆಗೆ ತೂಕವಿದೆ. ಹುಡುಗುತನದಲ್ಲಿ ದುಡುಕಿ ಬರೆದದ್ದನ್ನು ಮರೆಯಲು ಬಿಡಬೇಡವೇ? ನೀರು ಹರಿದುಹೋಗುತ್ತದೆಂದು ನಂಬಿ ಬರೆದವರಿಗೆ ಅಣೆಕಟ್ಟು ಕಟ್ಟಿ ದ್ರೋಹ ಮಾಡಬಹುದೇ? ನ್ಯಾಯವಾದ ಮಾತು. ತನ್ನ ಬರಹವನ್ನು ಕೂಡಿಡಬೇಡಿ ಎಂದು ತಲೆಬರಹದಲ್ಲೇ ಗುರುತು ಹಾಕುವ ಪದ್ಧತಿ ಯೂಸ್‌ನೆಟ್ಟಿನಲ್ಲಿತ್ತು, ಅದನ್ನು ಮನ್ನಿಸಬೇಕು. ಕೇಳಿದವರ ಹೆಸರನ್ನು ಮರೆಸಬೇಕು. ಆದರೆ ಕೆಲವರ ಸಂಕೋಚಕ್ಕಾಗಿ ಇಡೀ ಉಗ್ರಾಣಕ್ಕೆ ಬೀಗ ಬೀಳುವುದೂ ಉಂಟು. ಆ ಟೊರಾಂಟೊ ಟೇಪುಗಳ ಸಂಗ್ರಹವನ್ನು ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರ ಇರಿಸಿತ್ತು. ಕೆಲವು ಬರಹಗಳನ್ನು ತೆಗೆಯಬೇಕೆಂಬ ಕಾನೂನಿನ ಒತ್ತಾಯ ಬಂದು, 2020ರಲ್ಲಿ ಸಂಗ್ರಹವನ್ನೇ ಅಲ್ಲಿಂದ ತೆಗೆಯಲಾಯಿತು. ನಿಯಮವಿಲ್ಲದ ಕಡೆ ಹೀಗೆಯೇ ಆಗುವುದು. ಆದುದರಿಂದಲೇ ನಿಯಮವುಳ್ಳ ಸಾರ್ವಜನಿಕ ಸಂಸ್ಥೆ ಬೇಕೆನ್ನುವುದು.

ನಾನು ಕೇಳುವುದು ಬಹಳವಲ್ಲ. ತಂತ್ರಾಂಶ ಮಾಡುವವರು ಬರಹವನ್ನು ಸಾದಾ ಅಕ್ಷರಗಳಲ್ಲಿ, ಒಂದು ಕಾಗದಕ್ಕೆ ಒಂದು ಕಡತವಾಗಿ, ತಲೆಬರಹ ಸಮೇತ ಹೊರಗೆ ತೆಗೆದುಕೊಡುವ ದಾರಿಯನ್ನು ಮೊದಲ ದಿನವೇ ಇಡಲಿ. ನಮ್ಮ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳಲ್ಲಿ ಒಂದಾದರೂ, ಹೊರನಾಡ ಕನ್ನಡಿಗರ ಮನೆಗಳಲ್ಲಿ ಉಳಿದಿರುವ ಫ್ಲಾಪಿ, ಸಿ.ಡಿ.ಗಳನ್ನು ಬರಮಾಡಿಕೊಳ್ಳಲಿ. ಮೂಲದ ದೊಡ್ಡ ‘ಎಲ್’, ಚಿಕ್ಕ ‘ಎಲ್’ ಕೆಡದಂತೆ ಒಂದು ಪ್ರತಿ; ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿ ಇನ್ನೊಂದು. ತಾಳೆಗರಿಗೆ ಮಾಡಿದ ಉಪಚಾರದ ಕಾಲುಭಾಗ ಸಾಕು. ಕನ್ನಡಿಗರು ಕಂಪ್ಯೂಟರಿನಲ್ಲಿ ಒಬ್ಬರಿಗೊಬ್ಬರು ಕನ್ನಡದಲ್ಲಿ ಮಾತಾಡಿದ ಮೊದಮೊದಲ ದಾಖಲೆಗಳು ಇವು. ಇವನ್ನು ಅಳಿಯಗೊಟ್ಟು, ಆಮೇಲೆ ಗಣಕಯುಗದಲ್ಲಿ ಕನ್ನಡ ಎಂದು ವಿಚಾರಗೋಷ್ಠಿ ನಡೆಸುವುದು, ಊರು ಕೊಳ್ಳೆ ಹೋದಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಹಣವೆಲ್ಲಿ ಎಂದು ಕೇಳುವಿರಿ. ಹಿಂದಿನವರು ಕೆರೆ ಕಟ್ಟಿಸಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಕೆರೆಯ ಪೋಷಣೆಗೆಂದು ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಬಿತ್ತುವಟ್ಟವೆಂದು ಹೆಸರು. ಹೂಳು ತುಂಬುತ್ತದೆ, ಏರಿ ಬಿರಿಯುತ್ತದೆ, ಮೊಮ್ಮಕ್ಕಳ ಕಾಲದಲ್ಲಿ ಕೈಹಾಕುವವರು ಬೇಕು ಎಂಬ ಬುದ್ಧಿ ಅವರಿಗಿತ್ತು. ಇಂದು ನಮ್ಮ ನರಸಾಪುರದ ಕೈಗಾರಿಕಾ ಪ್ರದೇಶದಲ್ಲೇ ಐಫೋನುಗಳು ತಯಾರಾಗಿ ಲೋಕಕ್ಕೆ ಹೋಗುತ್ತಿವೆ. ಬರೆಯುವ ಯಂತ್ರವನ್ನು ಕೊಡುವ ಊರಿಗೆ, ಬರೆದದ್ದನ್ನು ಉಳಿಸಿಕೊಳ್ಳುವ ಬಿತ್ತುವಟ್ಟ ಹೊಂದಿಸುವುದು ಅಷ್ಟೊಂದು ಕಷ್ಟವೇ?

ಸುಮಾರು ಮುನ್ನೂರು ಕಾಗದಗಳಲ್ಲಿ ನಲವತ್ತನ್ನು ನಾನೂ ಆ ಹುಡುಗನೂ ಬಿಡಿಸಿ, ಕನ್ನಡ ಲಿಪಿಗೆ ತಂದು, ಅಚ್ಚು ಮಾಡಿಸಿ ದಾರ ಹಾಕಿ ಹೊಲಿಸಿದ್ದೇವೆ. ನೇರಳೆ ಮರದ್ದು ಸಿಕ್ಕಿದೆ. ಜಗಳದಲ್ಲಿ ನನ್ನ ತಮ್ಮನ ಪಾಲು ಮಾತ್ರ ಸಿಕ್ಕಿದೆ; ಎದುರಾಳಿಯದು ಇಲ್ಲ. ಆ ಮಹನೀಯರು ಎಲ್ಲಿಯಾದರೂ ಇದ್ದು, ತಮ್ಮ ಹಳೆಯ ಕಂಪ್ಯೂಟರನ್ನು ಇನ್ನೂ ಮಾರದಿದ್ದರೆ, ದಯವಿಟ್ಟು ಮಾರಬೇಡಿರೆಂದು ಬೇಡುತ್ತೇನೆ. ಅರ್ಧ ಜಗಳವನ್ನು ಮಗುವಿನ ಕೈಗೆ ಹೇಗೆ ಕೊಡಲಿ?